ಎರಡು ಚೀಟಿ, ಒಂದೇ ದೇಹ

ಕೇಳುಗರಿಗೆ ನಮಸ್ಕಾರ.

ಕೀಲುನೋವಿಗೆಂದು ಕೊಟ್ಟ ಔಷಧದಿಂದ ಚರ್ಮದ ಕಾಯಿಲೆ ಇಳಿದ ಒಂದು ಪ್ರಸಂಗ, ಕೀಲುನೋವಿಗೇ ಕೊಟ್ಟ ಇನ್ನೊಂದು ಔಷಧದಿಂದ ರಕ್ತದ ಸಕ್ಕರೆ ಇಳಿದ ಒಂದು ಪ್ರಸಂಗ. ವೈದ್ಯಕೀಯ ಇತಿಹಾಸದಲ್ಲಿ ಈ ಎರಡೂ ಹತ್ತು ವರ್ಷದೊಳಗೆ ದಾಖಲಾದವು. ಸೋರಿಯಾಸಿಸ್ ಎಂಬ ಆ ಚರ್ಮದ ಕಾಯಿಲೆ ಇರುವವರು, ಸಕ್ಕರೆ ಕಾಯಿಲೆ ಇರುವವರು, ಅಂಥವರು ಮನೆಯಲ್ಲಿರುವ ಎಲ್ಲರೂ ಇವನ್ನು ತಿಳಿದಿರಬೇಕು ಎಂಬುದು ನನ್ನ ಆಸೆ.

ಮೊದಲನೆಯದು 1951ರದು. ಅಮೆರಿಕದ ವೈದ್ಯ ರಿಚರ್ಡ್ ಗಬ್ನರ್ ಮತ್ತು ಸಂಗಡಿಗರು ಕೀಲೂತದ ರೋಗಿಗಳಿಗೆ ಅಮಿನಾಪ್ಟೆರಿನ್ ಎಂಬ ಔಷಧ ಕೊಟ್ಟು ನೋಡುತ್ತಿದ್ದರು. ಆ ರೋಗಿಗಳಲ್ಲಿ ಸೋರಿಯಾಸಿಸ್ ಇದ್ದವರ ಮೈಮೇಲಿನ ಕೆಂಪು ದಡ್ಡುಗಳು, ಬೆಳ್ಳಿಬಣ್ಣದ ಹೊಟ್ಟು ಕರಗತೊಡಗಿದವು. ಅಮಿನಾಪ್ಟೆರಿನ್ ಹುಟ್ಟಿದ್ದು ಆಂಧ್ರದ ಭೀಮಾವರಂನಿಂದ ಹೊರಟು ಅಮೆರಿಕ ಸೇರಿದ್ದ ಯಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದ ಪ್ರಯೋಗಾಲಯದಲ್ಲಿ. ಅದನ್ನು ಮೊದಲು ಬಳಸಿದ್ದು ಮಕ್ಕಳ ರಕ್ತ ಕ್ಯಾನ್ಸರಿಗೆ. ಅದರ ತಮ್ಮನಂತಿರುವ ಮೆಥೊಟ್ರೆಕ್ಸೇಟ್ ಇವತ್ತಿಗೂ ಸೋರಿಯಾಸಿಸ್‌ಗೆ ನಮ್ಮ ಆಸ್ಪತ್ರೆಗಳಲ್ಲಿ ಕೊಡುವ ಮುಖ್ಯ ಮಾತ್ರೆ. ಸುಬ್ಬರಾವ್ 1948ರಲ್ಲೇ ತೀರಿಕೊಂಡರು. ತಮ್ಮ ಔಷಧದಿಂದ ಇಷ್ಟೊಂದು ಜನರ ಚರ್ಮಕ್ಕೆ ನೆಮ್ಮದಿ ಸಿಗುತ್ತದೆಂದು ತಿಳಿಯುವಷ್ಟು ಕಾಲ ಅವರು ಬದುಕಲಿಲ್ಲ.

ಎರಡನೆಯದು 1957ರಲ್ಲಿ ಬ್ರಿಟನ್ನಿನ ವೈದ್ಯರು ಬರೆದದ್ದು. ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದ ಮಧುಮೇಹಿಯೊಬ್ಬರಿಗೆ ಕೀಲುಗಳು ಊದಿಕೊಂಡವು. ಅದಕ್ಕೆ ದೊಡ್ಡ ಪ್ರಮಾಣದಲ್ಲಿ ಆಸ್ಪಿರಿನ್ ಕೊಟ್ಟರು. ಕೀಲುನೋವಿನ ಜೊತೆಗೆ ಸಕ್ಕರೆಯೂ ಇಳಿಯಿತು, ಇನ್ಸುಲಿನ್ ನಿಲ್ಲಿಸುವ ಮಟ್ಟಕ್ಕೆ ಇಳಿಯಿತು. ನೋವು ಹೋಯಿತೆಂದು ಆಸ್ಪಿರಿನ್ ನಿಲ್ಲಿಸಿದರೆ ಸಕ್ಕರೆ ಮತ್ತೆ ಮೇಲೆದ್ದಿತು.

ಇದು ಮೊದಲ ಸುಳಿವೇನೂ ಅಲ್ಲ. 1876ರಲ್ಲೇ ಜರ್ಮನಿಯ ವಿಲ್ಹೆಲ್ಮ್ ಎಬ್‌ಸ್ಟೈನ್, ಆಸ್ಪಿರಿನ್ ಜಾತಿಯದೇ ಆದ ಸೋಡಿಯಂ ಸ್ಯಾಲಿಸಿಲೇಟ್ ಕೊಟ್ಟಾಗ ಮಧುಮೇಹಿಗಳ ಮೂತ್ರದಲ್ಲಿ ಸಕ್ಕರೆ ಕಡಿಮೆಯಾದದ್ದನ್ನು ಬರೆದಿದ್ದರು. 1901ರಲ್ಲಿ ಮ್ಯಾಂಚೆಸ್ಟರಿನ ವಿಲಿಯಮ್ಸನ್ ಅದನ್ನೇ ಮತ್ತೆ ಕಂಡರು. ಆಮೇಲೆ 1921ರಲ್ಲಿ ಇನ್ಸುಲಿನ್ ಬಂತು, 1950ರ ದಶಕದಲ್ಲಿ ಸಕ್ಕರೆ ಇಳಿಸುವ ಮಾತ್ರೆಗಳು ಬಂದವು. ಸ್ಯಾಲಿಸಿಲೇಟ್ ಯಾರಿಗೂ ಬೇಡವಾಯಿತು. ಕಣ್ಣೆದುರಿಗಿದ್ದ ಆ ಸುಳಿವಿನ ಅರ್ಥ ಬಿಡಿಸಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು ಎಂಬುದು ನನಗೆ ಇಂದಿಗೂ ಸಂಕಟ ತರುವ ವಿಷಯ.

ಆಸ್ಪಿರಿನ್ ಮಾಡುವ ಮುಖ್ಯ ಕೆಲಸ ಉರಿಯೂತವನ್ನು ತಗ್ಗಿಸುವುದು. ಕಾಲಿಗೆ ಮುಳ್ಳು ಚುಚ್ಚಿದರೆ ಆ ಜಾಗ ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಊದಿಕೊಂಡು ನೋಯುತ್ತದೆ. ರಕ್ತದ ಬಿಳಿಕಣಗಳು ಅಲ್ಲಿಗೆ ಧಾವಿಸಿ ರೋಗಾಣುಗಳನ್ನು ಕೊಲ್ಲುತ್ತವೆ, ಗಾಯ ಮಾಯುತ್ತದೆ, ಊತ ಇಳಿಯುತ್ತದೆ. ಇದಿಲ್ಲದೆ ನಾವು ಬದುಕುವುದಕ್ಕೇ ಆಗುವುದಿಲ್ಲ. ತೊಂದರೆ ಬರುವುದು ಇದೇ ಚಟುವಟಿಕೆ ಸಣ್ಣ ಪ್ರಮಾಣದಲ್ಲಿ, ನೋವೂ ಇಲ್ಲದೆ ಜ್ವರವೂ ಇಲ್ಲದೆ, ವರ್ಷಗಟ್ಟಲೆ ನಿಲ್ಲದೆ ನಡೆದಾಗ.

ಅದು ನಡೆಯುವ ದೊಡ್ಡ ಜಾಗ ನಮ್ಮ ಹೊಟ್ಟೆಯ ಕೊಬ್ಬು. ಕೊಬ್ಬೆಂದರೆ ಸುಮ್ಮನೆ ಕೂಡಿಟ್ಟ ಎಣ್ಣೆ ಎಂದು ವೈದ್ಯರೂ ಬಹಳ ಕಾಲ ತಿಳಿದಿದ್ದರು. 1993ರಲ್ಲಿ ಅಮೆರಿಕದ ಗೋಖಾನ್ ಹೋತಾಮಿಸ್ಲಿಗಿಲ್, ಬ್ರೂಸ್ ಸ್ಪೀಗಲ್‌ಮನ್ ಮತ್ತು ಸಂಗಡಿಗರು, ಬೊಜ್ಜು ಬಂದ ಇಲಿಗಳ ಕೊಬ್ಬಿನಿಂದ ಟಿಎನ್‌ಎಫ್ ಎಂಬ ಉರಿಯೂತದ ರಾಸಾಯನಿಕ ಹೊರಬರುತ್ತದೆ, ಅದನ್ನು ತಡೆದರೆ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ತೋರಿಸಿದರು. 2003ರಲ್ಲಿ ಇನ್ನೊಂದು ಸಂಗತಿ ಹೊರಬಿತ್ತು: ಬೊಜ್ಜಿನ ಕೊಬ್ಬಿನೊಳಗೆ ಮ್ಯಾಕ್ರೊಫೇಜ್ ಎಂಬ ರಕ್ಷಣಾ ಕಣಗಳು ಗುಂಪುಗುಂಪಾಗಿ ಸೇರಿಕೊಂಡಿರುತ್ತವೆ. ಅವು ಸೂಸುವ ರಾಸಾಯನಿಕಗಳಿಂದಾಗಿ ಇನ್ಸುಲಿನ್ ಕೊಡುವ ಸಂದೇಶ ಸ್ನಾಯುಗಳಿಗೂ ಯಕೃತ್ತಿಗೂ ಸರಿಯಾಗಿ ಮುಟ್ಟುವುದಿಲ್ಲ. ರಕ್ತದಲ್ಲಿ ಇನ್ಸುಲಿನ್ ಇದ್ದೂ ಸಕ್ಕರೆ ಏರುತ್ತದೆ.

ಇನ್ನು ಸೋರಿಯಾಸಿಸ್. ಚರ್ಮದ ಮೇಲ್ಪದರದ ಕಣಗಳು ಹುಟ್ಟಿ, ಮೇಲೆ ಬಂದು, ಉದುರಿಹೋಗಲು ಸಾಮಾನ್ಯವಾಗಿ ಒಂದು ತಿಂಗಳು ಬೇಕು. ಈ ಕಾಯಿಲೆಯಲ್ಲಿ ಅದೆಲ್ಲ ಮೂರರಿಂದ ಐದು ದಿನದಲ್ಲಿ ಮುಗಿಯುತ್ತದೆ. ಹಾಗಾಗಿಯೇ ಮೊಣಕೈ, ಮೊಣಕಾಲು, ತಲೆ, ಸೊಂಟದ ಮೇಲೆ ದಪ್ಪ ಹೊಟ್ಟು ಕಟ್ಟುವುದು. ಇದು ಹುಳುಕಡ್ಡಿಯಲ್ಲ, ಕುಷ್ಠವಲ್ಲ, ಮುಟ್ಟಿದರೆ ಅಂಟುವುದಿಲ್ಲ. ಇದನ್ನು ಎಷ್ಟು ಸಾರಿ ಹೇಳಿದರೂ ಸಾಲದು. ಹೊಟ್ಟು ಉದುರುತ್ತದೆಂದು ಕ್ಷೌರದಂಗಡಿಯಲ್ಲಿ ಕೂರಿಸದೆ ಕಳಿಸುವುದು, ಮನೆಯಲ್ಲಿ ತಟ್ಟೆ ಲೋಟ ಬೇರೆ ಇಡುವುದು ನಿಲ್ಲಬೇಕು.

ಚರ್ಮವನ್ನು ಹೀಗೆ ಅವಸರಪಡಿಸುವುದು ದೇಹದ ರಕ್ಷಣಾ ವ್ಯವಸ್ಥೆಯೇ. ಅದಕ್ಕೆ ಅದು ಬಳಸುವ ರಾಸಾಯನಿಕಗಳಲ್ಲಿ ಒಂದು, ಕೊಬ್ಬಿನಲ್ಲಿ ಕಂಡ ಅದೇ ಟಿಎನ್‌ಎಫ್. ಇಂಟರ್‌ಲ್ಯೂಕಿನ್ 17 ಮತ್ತು 23 ಅದರ ಜೊತೆಗಾರರು. ಇವು ಚರ್ಮದಲ್ಲೇ ಉಳಿಯುವುದಿಲ್ಲ, ರಕ್ತದಲ್ಲಿ ಸೇರಿ ಮೈಯೆಲ್ಲ ಸುತ್ತುತ್ತವೆ. ಅಮೆರಿಕದಲ್ಲಿ ದಾದಿಯರ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದಿದೆ. ಸೋರಿಯಾಸಿಸ್ ಇದ್ದವರಿಗೆ ಮುಂದೆ ಮಧುಮೇಹ ಬರುವ ಸಾಧ್ಯತೆ ಇಲ್ಲದವರಿಗಿಂತ ಶೇಕಡಾ 63ರಷ್ಟು ಹೆಚ್ಚು ಎಂದು ಅದು 2009ರಲ್ಲಿ ಹೇಳಿತು. 2006ರಲ್ಲಿ ಬ್ರಿಟನ್ನಿನ ರೋಗಿಗಳ ದಾಖಲೆಗಳಿಂದ ತಿಳಿದದ್ದು ಇನ್ನೂ ಗಂಭೀರ: ತೀವ್ರ ಸೋರಿಯಾಸಿಸ್ ಇರುವವರಿಗೆ, ಅದರಲ್ಲೂ ಚಿಕ್ಕ ವಯಸ್ಸಿನವರಿಗೆ, ಹೃದಯಾಘಾತದ ಅಪಾಯ ಹೆಚ್ಚು.

ಹಾಗಾದರೆ ಉರಿಯೂತ ತಡೆಯುವ ಔಷಧ ಕೊಟ್ಟರೆ ಸಕ್ಕರೆ ಕಾಯಿಲೆ ವಾಸಿಯಾಗಬೇಕಲ್ಲ ಎಂದು ನೀವು ಕೇಳಬಹುದು. ಸಂಶೋಧಕರೂ ಅದನ್ನೇ ಕೇಳಿಕೊಂಡರು. ಸಿಕ್ಕಿದ ಉತ್ತರ ಅಷ್ಟು ಸರಳವಾಗಿಲ್ಲ. 1996ರಲ್ಲಿ ಟಿಎನ್‌ಎಫ್ ತಡೆಯುವ ಚುಚ್ಚುಮದ್ದನ್ನು ಮಧುಮೇಹಿಗಳಿಗೆ ಕೊಟ್ಟು ನೋಡಿದರು, ಸಕ್ಕರೆ ಅಲುಗಲಿಲ್ಲ. 2002ರಲ್ಲಿ ದಿನಕ್ಕೆ ಸುಮಾರು 7 ಗ್ರಾಂ ಆಸ್ಪಿರಿನ್ ಎರಡು ವಾರ ಕೊಟ್ಟಾಗ ಖಾಲಿಹೊಟ್ಟೆಯ ಸಕ್ಕರೆ ಕಾಲುಭಾಗದಷ್ಟು ಇಳಿಯಿತು. ಆದರೆ ಕೇಳಿ, ಹೃದಯಕ್ಕೆಂದು ಡಾಕ್ಟರು ಕೊಡುವ ಆಸ್ಪಿರಿನ್ 75 ಮಿಲಿಗ್ರಾಂ. ಆ 7 ಗ್ರಾಂ ಅದರ ತೊಂಬತ್ತು ಪಟ್ಟಿಗಿಂತ ಹೆಚ್ಚು. ಅಷ್ಟು ನುಂಗಿದರೆ ಕಿವಿ ಮೊರೆಯುತ್ತದೆ, ಹೊಟ್ಟೆಯಲ್ಲಿ ರಕ್ತ ಸೋರುತ್ತದೆ, ಜೀವವೇ ಹೋಗಬಹುದು. ದಯವಿಟ್ಟು ಯಾರೂ ಮನೆಯಲ್ಲಿ ಪ್ರಯತ್ನಿಸಬೇಡಿ. ಹೊಟ್ಟೆಗೆ ಸ್ವಲ್ಪ ಸೌಮ್ಯವಾದ ಸಾಲ್ಸಲೇಟ್ ಎಂಬ ಮಾತ್ರೆಯನ್ನು 48 ವಾರ ಕೊಟ್ಟು ನೋಡಿದ ಫಲಿತಾಂಶ 2013ರಲ್ಲಿ ಬಂತು. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಶೇಕಡಾ 0.37 ಅಂಶದಷ್ಟು ಇಳಿದಿತ್ತು, ಆದರೆ ಮೂತ್ರದಲ್ಲಿ ಪ್ರೋಟೀನ್ ಹೋಗುವುದು ತುಸು ಹೆಚ್ಚಾಗಿತ್ತು. ಆಮೇಲೆ ಹತ್ತು ಸಾವಿರಕ್ಕೂ ಹೆಚ್ಚು ಹೃದ್ರೋಗಿಗಳ ಮೇಲೆ ನಡೆದ ಕ್ಯಾಂಟೋಸ್ ಪ್ರಯೋಗದಲ್ಲಿ, ಇಂಟರ್‌ಲ್ಯೂಕಿನ್ 1 ತಡೆಯುವ ಔಷಧದಿಂದ ಹೃದಯಾಘಾತ ಕಡಿಮೆಯಾಯಿತು, ಹೊಸದಾಗಿ ಮಧುಮೇಹ ಬರುವುದು ಮಾತ್ರ ತಪ್ಪಲಿಲ್ಲ.

ಅಂದರೆ ಉರಿಯೂತ ಮಧುಮೇಹದ ಒಂದು ಕಾರಣ, ಅದೊಂದೇ ಕಾರಣವಲ್ಲ. “ಉರಿಯೂತ ಇಳಿಸಿ ಸಕ್ಕರೆ ಬುಡಸಮೇತ ಕೀಳುತ್ತೇವೆ” ಎಂದು ಡಬ್ಬಿ ಮಾರುವವರನ್ನು ನಂಬಬೇಡಿ.

ನಮ್ಮವರಿಗೆ ಇದು ಇನ್ನೂ ಹತ್ತಿರದ ವಿಷಯ. ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ಹೇಳಿತು. ಇವರೆಲ್ಲ ದಪ್ಪಗಿಲ್ಲ. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಫೋಟೋವನ್ನೇ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಹಾಕಿದರು. ಎತ್ತರ ತೂಕದ ಲೆಕ್ಕದಲ್ಲಿ ಇಬ್ಬರ ಬಿಎಂಐಯೂ 22.3. ಆದರೆ ಯುಡ್ಕಿನ್ ದೇಹದಲ್ಲಿ ಕೊಬ್ಬು ಶೇಕಡಾ 9.1, ಯಾಜ್ಞಿಕ್ ದೇಹದಲ್ಲಿ 21.2. ನಮ್ಮ ಮೈಸೂರಿನಲ್ಲಿ ಮಿಷನ್ ಆಸ್ಪತ್ರೆ ಎಂದೇ ಹೆಸರಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯವರು 1934ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ ಬರೆದಿಟ್ಟಿದ್ದರು. ಆ ಹಳೆಯ ದಾಖಲೆ ಹಿಡಿದು, ಬೆಳೆದು ದೊಡ್ಡವರಾದ ಅವರನ್ನೇ ಹುಡುಕಿ ಪರೀಕ್ಷಿಸಿದರು. ಮುಂದೆ ಅಲ್ಲೇ ಡಾ. ಕೃಷ್ಣವೇಣಿ ಮತ್ತು ತಂಡದವರು ಮಕ್ಕಳನ್ನು ಹುಟ್ಟಿದಂದಿನಿಂದ ಅಳೆಯುತ್ತ ಬಂದರು. ಇಂಗ್ಲೆಂಡಿನ ಶಿಶುಗಳಿಗಿಂತ ನಮ್ಮ ಶಿಶುಗಳು ತೂಕದಲ್ಲಿ ಕಡಿಮೆ, ಆದರೆ ಬೆನ್ನಿನ ಮೇಲಿನ ಕೊಬ್ಬು ಆ ಪ್ರಮಾಣದಲ್ಲಿ ಕಡಿಮೆಯಿಲ್ಲ. ಆ ದಾಖಲೆಗಳನ್ನು ಜೋಪಾನವಾಗಿ ಕಾಪಾಡಿದವರಿಗೆ ನಾವು ಋಣಿಗಳು. ಹಾಗಾಗಿ ತೂಕದ ಯಂತ್ರವೊಂದನ್ನೇ ನಂಬಬೇಡಿ, ಟೇಪು ಹಿಡಿದು ಸೊಂಟ ಅಳೆಯಿರಿ. ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ದಾಟಿದ್ದರೆ ಸಕ್ಕರೆ ನೋಡಿಸಿ.

ಚರ್ಮವೂ ಮುಂಚಿತವಾಗಿ ಸೂಚನೆ ಕೊಡುತ್ತದೆ. ಕತ್ತಿನ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಾಗಿ, ಮಖಮಲ್ಲಿನ ಹಾಗೆ ದಪ್ಪವಾದರೆ ಅದು ಬಹಳಷ್ಟು ಸಲ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದರ ಗುರುತು. ಮಕ್ಕಳಲ್ಲಿ ಇದನ್ನು ಕೊಳೆಯೆಂದುಕೊಂಡು ತಾಯಂದಿರು ಉಜ್ಜಿ ಉಜ್ಜಿ ಕೆಂಪು ಮಾಡುತ್ತಾರೆ, ಮಗುವನ್ನು ಬಯ್ಯುತ್ತಾರೆ. ಉಜ್ಜುವುದು ಬೇಡ, ವೈದ್ಯರಿಗೆ ತೋರಿಸಿ.

ಇನ್ನು ಔಷಧಗಳ ಮಾತು. ಸೋರಿಯಾಸಿಸ್‌ಗೆ ಸ್ಟೀರಾಯ್ಡ್ ಮಾತ್ರೆ, ಇಂಜೆಕ್ಷನ್ ತೆಗೆದುಕೊಂಡರೆ ಮೊದಮೊದಲು ಚರ್ಮ ಥಟ್ಟನೆ ತಿಳಿಯಾಗುತ್ತದೆ. ಒಳಗೆ ಸಕ್ಕರೆ ಏರುತ್ತಿರುತ್ತದೆ. ಥಟ್ಟನೆ ನಿಲ್ಲಿಸಿದರೆ ಕೆಲವರಿಗೆ ಮೈತುಂಬ ಕೀವುಗುಳ್ಳೆ ಎದ್ದು ಪ್ರಾಣಕ್ಕೇ ಕುತ್ತಾಗುತ್ತದೆ. ಹೆಸರು ವಿಳಾಸ ಇಲ್ಲದ ಪುಡಿಗಳಲ್ಲೂ ಸ್ಟೀರಾಯ್ಡ್ ಬೆರೆಸಿರುವುದುಂಟು. ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರಿಗೆ ಸಕ್ಕರೆ ಕಾಯಿಲೆಯೂ ಬೊಜ್ಜೂ ಇದ್ದರೆ ಯಕೃತ್ತಿಗೆ ಪೆಟ್ಟು ಬೀಳುವ ಅಪಾಯ ಹೆಚ್ಚು, ಮದ್ಯ ಸೇರಿದರಂತೂ ಇನ್ನೂ ಹೆಚ್ಚು. ಆ ಮಾತ್ರೆ ಸಾಮಾನ್ಯವಾಗಿ ವಾರಕ್ಕೊಂದು ದಿನದ್ದು, ದಿನಾ ನುಂಗುವುದಲ್ಲ.

ಸಕ್ಕರೆಯ ಮಾತ್ರೆಗಳ ಕಡೆಯಿಂದಲೂ ನೋಡಬೇಕು. ಮಲೇರಿಯಾ, ಕೀಲೂತಕ್ಕೆ ಬಳಸುವ ಹೈಡ್ರಾಕ್ಸಿಕ್ಲೊರೊಕ್ವಿನ್ ಉರಿಯೂತ ತಗ್ಗಿಸುತ್ತದೆ, ಸಕ್ಕರೆಯನ್ನೂ ಇಳಿಸುತ್ತದೆ. ಬೇರೆ ಮಾತ್ರೆಗಳಿಗೆ ಬಗ್ಗದ ಸಕ್ಕರೆಗೆ ಅದನ್ನು ಜೊತೆಗೆ ಕೊಡಲು ಭಾರತದಲ್ಲಿ 2014ರಲ್ಲಿ ಅನುಮತಿ ಸಿಕ್ಕಿದೆ. ಅದೇ ಔಷಧ ಕೆಲವರಲ್ಲಿ ಸೋರಿಯಾಸಿಸ್ ಕೆರಳಿಸುತ್ತದೆ. ಗ್ಲಿಪ್ಟಿನ್ ಗುಂಪಿನ ಮಾತ್ರೆಗಳು ಬಹುಪಾಲು ಜನರಿಗೆ ಒಗ್ಗುತ್ತವೆ, ಆದರೆ ಅಪರೂಪಕ್ಕೆ, ಹೆಚ್ಚಾಗಿ ವಯಸ್ಸಾದವರಲ್ಲಿ, ತುರಿಕೆ ಶುರುವಾಗಿ ಮೈಮೇಲೆ ನೀರುಗುಳ್ಳೆ ಏಳುತ್ತದೆ. ಇಂಥದ್ದು ಕಂಡರೆ ಸಕ್ಕರೆಯ ಮಾತ್ರೆ ಯಾವುದೆಂದು ಚರ್ಮದ ಡಾಕ್ಟರಿಗೆ ಗೊತ್ತಾಗಲೇಬೇಕು.

ಆದ್ದರಿಂದ ಯಾವ ಡಾಕ್ಟರ ಬಳಿ ಹೋದರೂ ಚರ್ಮದ್ದು, ಸಕ್ಕರೆಯದು ಎರಡೂ ಚೀಟಿ, ಎಲ್ಲ ಮಾತ್ರೆಗಳ ಹಾಳೆ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ. ಸೋರಿಯಾಸಿಸ್ ಇದ್ದವರು ವರ್ಷಕ್ಕೊಮ್ಮೆಯಾದರೂ ಸಕ್ಕರೆ, ಬಿಪಿ, ಕೊಲೆಸ್ಟ್ರಾಲ್ ನೋಡಿಸಿ. ಡಾಕ್ಟರು ಕೇಳದಿದ್ದರೆ ನೀವೇ ಬಾಯಿಬಿಟ್ಟು ಹೇಳಿ: “ಡಾಕ್ಟರೇ, ನನಗೆ ಸೋರಿಯಾಸಿಸ್ ಇದೆ, ಸಕ್ಕರೆ ಪರೀಕ್ಷೆ ಬರೆದುಕೊಡಿ.” ನಮಸ್ಕಾರ.