ಭೂಗೋಳದ ಹೆಸರಲ್ಲಿ ವಿಜ್ಞಾನ: ಚೆಲ್ಟನಮ್‌ನ ಹುಡುಗಿಯರ ಶಾಲೆಯ ಗೇಟಿನಾಚೆ

ನಮಸ್ಕಾರ. ಈ ಸಲ ಧ್ವನಿಯನ್ನು ಮನೆಯಲ್ಲಿ ಕೂತು ಸೇರಿಸುತ್ತಿದ್ದೇನೆ. ಅಲ್ಲಿ ಆಡಿದ ಮಾತೆಲ್ಲ ಗಾಳಿ ಪಾಲಾಗಿದೆ. ವಿಡಿಯೋದಲ್ಲಿ ನನ್ನ ಬಾಯಿ ಒಂದು ಥರ ಆಡುತ್ತೆ, ಮಾತು ಇನ್ನೊಂದು ಥರ ಕೇಳುತ್ತೆ. ಡಬ್ಬಿಂಗ್ ಸಿನಿಮಾ ಅಂದುಕೊಂಡು ನೋಡಿ.

ಇದು ಇಂಗ್ಲೆಂಡಿನ ಚೆಲ್ಟನಮ್. ನಾನಿರುವ ಬರ್ಮಿಂಗ್‌ಹ್ಯಾಮ್‌ನಿಂದ ರೈಲಲ್ಲಿ ಮುಕ್ಕಾಲು ಗಂಟೆ. ನೆಲದಿಂದ ಬರುವ ಉಪ್ಪುಪ್ಪು ನೀರು ಕುಡಿದರೆ ಕಾಯಿಲೆ ವಾಸಿಯಾಗುತ್ತೆ ಅಂತ ಜನ ಬಂದೂ ಬಂದೂ ಬೆಳೆದ ಊರು. ಪಾರಿವಾಳಗಳು ಉಪ್ಪಿನ ಹರಳು ಕುಕ್ಕುತ್ತಿದ್ದದ್ದನ್ನು ನೋಡಿ ಬುಗ್ಗೆ ಪತ್ತೆಯಾಯಿತು ಅಂತ ಕಥೆ. ಊರಿನ ಲಾಂಛನದಲ್ಲಿ ಇವತ್ತಿಗೂ ಪಾರಿವಾಳ ಇದೆ. 1788ರಲ್ಲಿ ರಾಜ ಮೂರನೇ ಜಾರ್ಜ್ ಬಂದು ಇಲ್ಲಿನ ನೀರು ಕುಡಿದ. ಆಮೇಲೆ ಕೇಳಬೇಕಾ, ದುಡ್ಡಿದ್ದವರೆಲ್ಲ ಹಿಂದೆಯೇ ಬಂದರು.

ಆ ಹಳೇ ಬಾವಿ ಇದ್ದ ಜಾಗದಲ್ಲೇ ಈಗ ನಿಂತಿರುವುದು, ಅಗೋ, ಆ ಬೆಲ್ಲದ ಬಣ್ಣದ ಕಲ್ಲಿನ ಕಟ್ಟಡ. ಚೆಲ್ಟನಮ್ ಲೇಡೀಸ್ ಕಾಲೇಜ್. ಹೆಸರು ಕಾಲೇಜ್ ಅಂತ, ಆದರೆ ಇದು ಶಾಲೆ. 11ರಿಂದ 18 ವರ್ಷದ ಹುಡುಗಿಯರು ಓದುತ್ತಾರೆ. ಹೆಚ್ಚಿನವರು ಹಾಸ್ಟೆಲ್‌ನಲ್ಲಿ, ಉಳಿದವರು ದಿನಾ ಮನೆಯಿಂದ. ಹಾಸ್ಟೆಲ್‌ಗೆ ವರ್ಷಕ್ಕೆ ನಲವತ್ತೈದು ಸಾವಿರ ಪೌಂಡಿಗೂ ಜಾಸ್ತಿ. ರೂಪಾಯಿಗೆ ಲೆಕ್ಕ ಹಾಕಬೇಡಿ, ಸುಮ್ನೆ ಹೊಟ್ಟೆ ಉರಿ. ಒಳಗೆ ಹಾಗೆಲ್ಲ ಬಿಡಲ್ಲ, ಮಕ್ಕಳಿರುವ ಜಾಗ, ಬಿಡಲೂಬಾರದು. ನಾನು ಬೇಲಿಯ ಈಚೆಯೇ.

ಆದರೆ ನಾನು ಬಂದದ್ದು ಕಟ್ಟಡ ನೋಡೋಕಲ್ಲ. ಡೊರೊಥಿಯಾ ಬೀಲ್ ಅನ್ನುವ ಹೆಂಗಸಿಗಾಗಿ.

ಊರಲ್ಲಿ ಹುಡುಗರಿಗೆ 1841ರಲ್ಲೇ ಒಂದು ಒಳ್ಳೆ ಶಾಲೆ ಆಗಿತ್ತು. ನಮ್ಮ ಹೆಣ್ಣುಮಕ್ಕಳಿಗೂ ಒಂದಿರಲಿ ಅಂತ ಕೆಲವರು 1853ರಲ್ಲಿ ಇದನ್ನು ಹುಟ್ಟುಹಾಕಿದರು. ಐದು ವರ್ಷದಲ್ಲಿ ಮುಚ್ಚುವ ಹಂತ. 1858ರಲ್ಲಿ ಬೀಲ್ ಪ್ರಿನ್ಸಿಪಾಲ್ ಆಗಿ ಬಂದಾಗ ಉಳಿದಿದ್ದವರು 69 ಹುಡುಗಿಯರು, ಬಂಡವಾಳದಲ್ಲಿ ಉಳಿದಿದ್ದು 400 ಪೌಂಡ್. ಆಕೆಗೆ ಆಗ 27 ವರ್ಷ. ಲಂಡನ್ನಿನಲ್ಲಿ ಗಣಿತ ಕಲಿಸಿ ಬಂದವರು.

ಗಣಿತದ ಮೇಡಂ ಬಂದ ತಕ್ಷಣ ಗಣಿತ ಶುರು ಮಾಡಬೇಕಲ್ವಾ? ಮಾಡಲಿಲ್ಲ. ಯೂಕ್ಲಿಡ್‌ನ ರೇಖಾಗಣಿತವನ್ನು ಶುರುವಿನಲ್ಲೇ ಇಟ್ಟಿದ್ದರೆ ಶಾಲೆ ಅಲ್ಲೇ ಸಾಯುತ್ತಿತ್ತು ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅಪ್ಪ ಅಮ್ಮಂದಿರಿಗೆ ಬೇಕಾಗಿದ್ದದ್ದು ಪಿಯಾನೋ, ಫ್ರೆಂಚ್, ಕಸೂತಿ. ಲೆಕ್ಕ ಜಾಸ್ತಿ ಆಯ್ತು ಅಂತ ಒಬ್ಬ ಅಪ್ಪ ಬಂದು, ನನ್ನ ಮಕ್ಕಳೇನು ಬ್ಯಾಂಕ್ ನಡೆಸಬೇಕಾ ಅಂದನಂತೆ.

ಆಗ ಆಕೆ ಮಾಡಿದ ಉಪಾಯ ನನಗೆ ಬಹಳ ಇಷ್ಟ. ವಿಜ್ಞಾನವನ್ನು ಪ್ರಾಕೃತಿಕ ಭೂಗೋಳ ಅಂತ ಹೆಸರಿಟ್ಟು ಪಾಠಕ್ಕೆ ತಂದರು. ಹುಡುಗರ ಶಾಲೆಗಳಲ್ಲಿ ಭೂಗೋಳಕ್ಕೆ ಅಷ್ಟೇನೂ ಬೆಲೆ ಇರಲಿಲ್ಲ. ಹಾಗಾಗಿ ಗಂಡು ಮಕ್ಕಳ ವಿದ್ಯೆ ಹೆಣ್ಣು ಮಕ್ಕಳಿಗ್ಯಾಕೆ ಅಂತ ಯಾರಿಗೂ ತಕರಾರು ತೆಗೆಯೋಕೆ ಆಗಲಿಲ್ಲ. ಭೂಗೋಳ ತಾನೇ, ಕಲಿಯಲಿ ಬಿಡಿ.

ಇದನ್ನು ಓದಿದಾಗ ನಾನು ಅಡುಗೆಮನೆಯಲ್ಲಿ ಒಬ್ಬಳೇ ಜೋರಾಗಿ ನಕ್ಕುಬಿಟ್ಟೆ. ಯಾಕಂದರೆ ನಮ್ಮಮ್ಮ ಓದಿದ್ದು ಹೋಂ ಸೈನ್ಸ್. ಹಾಸನದ ಹತ್ತಿರದ ಹಳ್ಳಿ ನಮ್ಮದು. ಬಿ.ಎಸ್ಸಿ. ಅಂದಾಗ ತಾತ ಸುತಾರಾಂ ಬೇಡ ಅಂದಿದ್ದರು. ಹೋಂ ಸೈನ್ಸ್ ಅಂದಾಗ, ಅಡುಗೆ ಹೊಲಿಗೆ ತಾನೇ, ಮದುವೆಗೆ ಅನುಕೂಲ ಅಂತ ಟ್ರಂಕು ಕೊಡಿಸಿ ಬೆಂಗಳೂರಿನ ಹಾಸ್ಟೆಲ್‌ಗೆ ಬಿಟ್ಟುಬಂದರು. ಅಮ್ಮನ ಆಗಿನ ನೋಟ್‌ಬುಕ್ ಇನ್ನೂ ಇದೆ. ರಟ್ಟಿನ ಮೇಲೆ ಎಣ್ಣೆಯ ಗುರುತು. ಒಳಗೆ ನೋಡಿದರೆ ಪ್ರೋಟೀನು, ಕಿಣ್ವ, ಷಡ್ಭುಜದ ಬೆಂಜೀನ್ ಉಂಗುರ. ಸ್ಕೇಲ್ ಇಟ್ಟು ಎಳೆದ ಗೆರೆಗಳು. ತಾತ ಒಂದು ದಿನವೂ ಅದನ್ನು ತೆರೆದು ನೋಡಲಿಲ್ಲ.

ಸರಿ, ಬೀಲ್ ಮೇಡಂ ಕಡೆಗೆ ಬರೋಣ. ಆಕೆ ಸುಲಭದವರೇನಲ್ಲ. ಶಾಲೆಯಲ್ಲಿ ಹುಡುಗಿಯರು ಅನುಮತಿ ಇಲ್ಲದೆ ಒಬ್ಬರ ಜೊತೆ ಒಬ್ಬರು ಮಾತಾಡುವ ಹಾಗಿರಲಿಲ್ಲ. ನನಗಾಗಿದ್ದರೆ ಎರಡೇ ದಿನಕ್ಕೆ ಗೇಟ್ ಪಾಸು. ಆದರೆ ಶಾಲೆ ಮಾತ್ರ ಬೆಳೆಯಿತು. 1873ರಲ್ಲಿ ಈ ಜಾಗಕ್ಕೆ ಬಂತು, 1880ರ ಹೊತ್ತಿಗೆ 500 ಹುಡುಗಿಯರು. ಹುಡುಗಿಯರ ಓದಿನ ಸ್ಥಿತಿ ಹೇಗಿದೆ ಅಂತ ಸರ್ಕಾರದ ಆಯೋಗದ ಮುಂದೆ ಹೋಗಿ ಹೇಳಿದವರಲ್ಲಿ ಆಕೆಯೂ ಒಬ್ಬರು. 1893ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಹೆಂಗಸರಿಗಾಗಿ ಸೇಂಟ್ ಹಿಲ್ಡಾಸ್ ಅನ್ನುವ ಕಾಲೇಜು ಕಟ್ಟಿದ್ದೂ ಆಕೆಯೇ. ಅಲ್ಲಿ ಓದಬಹುದಿತ್ತು, ಪರೀಕ್ಷೆ ಬರೆಯಬಹುದಿತ್ತು, ಪದವಿ ಮಾತ್ರ ಇಲ್ಲ. ಆಕ್ಸ್‌ಫರ್ಡ್ ಹೆಂಗಸರಿಗೆ ಪದವಿ ಕೊಟ್ಟಿದ್ದು 1920ರಲ್ಲಿ. ಕೇಂಬ್ರಿಡ್ಜ್ ಅಂತೂ 1948ರವರೆಗೆ ಕಾಯಿಸಿತು. ಗ್ರೀಕರ ದೇವರು, ಆಚರಣೆಗಳ ಬಗ್ಗೆ ದೊಡ್ಡ ವಿದ್ವಾಂಸೆಯಾದ ಜೇನ್ ಹ್ಯಾರಿಸನ್ ಇದೇ ಶಾಲೆಯ ಹುಡುಗಿ. ಇಲ್ಲಿಂದ ಕೇಂಬ್ರಿಡ್ಜ್‌ಗೆ ಹೋದವರು.

ಇನ್ನೊಂದು ಹೇಳಲೇಬೇಕು. ಅರವತ್ತು ದಾಟಿದ ಮೇಲೆ ಬೀಲ್ ಮೂರು ಚಕ್ರದ ಸೈಕಲ್ ಕಲಿತರು. ಕಿವಿ ಮಂದವಾಗಿತ್ತು. ಬೆಳಗ್ಗೆ ಬೇಗ, ರಸ್ತೆಯಲ್ಲಿ ಜನ ಕಡಿಮೆ ಇರುವಾಗ, ಇದೇ ಊರಿನ ಬೀದಿಗಳಲ್ಲಿ ಓಡಿಸುತ್ತಿದ್ದರು. 1906ರಲ್ಲಿ ತೀರಿಕೊಳ್ಳುವವರೆಗೂ ಪ್ರಿನ್ಸಿಪಾಲ್ ಅವರೇ. 48 ವರ್ಷ!

ಈ ಶಾಟ್ ಪೂರ್ತಿ ಅಲುಗಾಡಿದೆ, ಕ್ಷಮಿಸಿ. ಮಳೆ ಶುರುವಾಗಿತ್ತು, ಬಸ್ ನಿಲ್ದಾಣದ ಸೂರಿನ ಕೆಳಗೆ ನಿಂತು ಅಮ್ಮನಿಗೆ ಫೋನ್ ಮಾಡಿದೆ. ಭೂಗೋಳದ ಕಥೆ ಪೂರ್ತಿ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಹಿಂದೆ ಕುಕ್ಕರ್ ಕೂಗಿತು.

"ನಮಗೆ ಕೆಮಿಸ್ಟ್ರಿ ಹೇಳಿಕೊಡ್ತಿದ್ದ ಮೇಡಂಗೆ ಒಂದು ಅನ್ನ ಮಾಡೋಕೂ ಬರ್ತಿರಲಿಲ್ಲ ಕಣೇ," ಅಂದರು. "ನಿಮ್ಮ ತಾತನಿಗೆ ಅದನ್ನ ನಾವ್ಯಾರೂ ಹೇಳಲೇ ಇಲ್ಲ."