ಕ್ಯಾಂಪರ್‌ವ್ಯಾನ್‌ನಲ್ಲಿ ನ್ಯೂಜಿಲೆಂಡ್: ಸಿನಿಮಾ ಜಾಗಗಳನ್ನು ನಿಧಾನವಾಗಿ ನೋಡೋಣ

[ದೃಶ್ಯ: ಮಳೆಗಾಲದ ರಾಜಗಡ, ಸುತ್ತ ಮೋಡ]

ಪುಣೆ ಕನ್ನಡಿಗರಿಗೆ ಇದು ಗೊತ್ತಿರೋ ವಿಷಯ. ಮಳೆಗಾಲದಲ್ಲಿ ರಾಜಗಡ ಹತ್ತಿದರೆ ಎದುರಿಗಿರುವ ತೋರಣಾ ಕೋಟೆಯೂ ಕಾಣುವುದಿಲ್ಲ. ಕಾದು ಕೂತವರಿಗೆ ಮಾತ್ರ ದರ್ಶನ.

ನ್ಯೂಜಿಲೆಂಡ್ ಬೆಟ್ಟಗಳೂ ಹಾಗೇ. 'ಲಾರ್ಡ್ ಆಫ್ ದಿ ರಿಂಗ್ಸ್' ಚಿತ್ರಗಳ ಜಾಗ ನೋಡಲು ಅಷ್ಟು ದೂರ ಹೋಗಿ, ಬರೀ ಮೋಡ ನೋಡಿ ಹೊರಡಬೇಕಾಗುತ್ತದೆ. ಯಾಕಂದ್ರೆ ಅವತ್ತಿನ ಹೋಟೆಲ್ ಬೇರೆ ಊರಲ್ಲಿ ಬುಕ್ ಆಗಿರುತ್ತದೆ. ಹಾಸಿಗೆ, ಒಲೆ, ನೀರು ಎಲ್ಲ ಗಾಡಿಯಲ್ಲೇ ಇದ್ದರೆ ಇನ್ನೊಂದು ರಾತ್ರಿ ಉಳಿಯಬಹುದು. ಕ್ಯಾಂಪರ್‌ವ್ಯಾನ್ ತಗೊಳ್ಳಿ ಅಂತ ನಾನು ಹೇಳುವುದು ಇದಕ್ಕೇ. ದುಡ್ಡು ಉಳಿಯುತ್ತೆ ಅಂತ ಅಲ್ಲ.

[ದೃಶ್ಯ: ಹಾಬಿಟನ್, ಗುಂಡಗಿನ ಬಾಗಿಲು]

ಮೊದಲು ಉತ್ತರ ದ್ವೀಪದ ಮಾಟಮಾಟ ಊರಿನ ಹತ್ತಿರದ ಹಾಬಿಟನ್, ಅಂದರೆ ಚಿತ್ರದ ಹಾಬಿಟ್‌ಗಳ ಹಳ್ಳಿಯ ಸೆಟ್. 1998ರಲ್ಲಿ ನಿರ್ದೇಶಕ ಪೀಟರ್ ಜಾಕ್ಸನ್ ತಂಡ ಆಕಾಶದಿಂದ ಜಾಗ ಹುಡುಕುವಾಗ ಕಣ್ಣಿಗೆ ಬಿದ್ದ ಕುರಿ ಫಾರ್ಮ್ ಇದು. ಸೆಟ್ ಒಳಗೆ ಗೈಡ್ ಜೊತೆಗೇ ಹೋಗಬೇಕು, ಟಿಕೆಟ್ ಮೊದಲೇ ಮಾಡಿಸಿ. ಚಿತ್ರದ ಪಾತ್ರ ಬಿಲ್ಬೋ ಮನೆಯ ಮೇಲಿನ ಓಕ್ ಮರವನ್ನು ಸ್ವಲ್ಪ ನಿಂತು ನೋಡಿ. ಅದು ನಿಜವಾದ ಮರವೇ ಅಲ್ಲ! ಎಲೆಗಳನ್ನು ತೈವಾನ್‌ನಿಂದ ತರಿಸಿ ಕಟ್ಟಿದ್ದಾರೆ. ಅಷ್ಟು ಶ್ರದ್ಧೆಯ ಕೆಲಸ.

[ದೃಶ್ಯ: ಮೋಡದಿಂದ ಹೊರಬರುವ ನೌರುಹೋಯಿ ಶಿಖರ]

ಅಲ್ಲಿಂದ ದಕ್ಷಿಣಕ್ಕೆ ಟೊಂಗರಿರೊ ರಾಷ್ಟ್ರೀಯ ಉದ್ಯಾನ. ಚಿತ್ರದ 'ಮೌಂಟ್ ಡೂಮ್' ಅಂದರೆ ಇಲ್ಲಿನ 2287 ಮೀಟರ್ ಎತ್ತರದ ಜ್ವಾಲಾಮುಖಿ ನೌರುಹೋಯಿ. ಕಾಯಬೇಕಾದ ಜಾಗ ಇದೇ. ಫಾಕಪಾಪಾ ಹತ್ತಿರ ಸಂರಕ್ಷಣಾ ಇಲಾಖೆಯ ಕ್ಯಾಂಪ್‌ಸೈಟ್ ಇದೆ, ಅಲ್ಲಿ ಗಾಡಿ ನಿಲ್ಲಿಸಿಕೊಂಡು ಬೆಳಿಗ್ಗೆ ಹವಾಮಾನ ನೋಡಿ. ಚೆನ್ನಾಗಿದ್ದರೆ ಸುಮಾರು 20 ಕಿಲೋಮೀಟರ್‌ನ ಟೊಂಗರಿರೊ ಕ್ರಾಸಿಂಗ್ ನಡೆಯಿರಿ. ಗಾಳಿ ಜಾಸ್ತಿ ಇದ್ದರೆ ಬೇಡವೇ ಬೇಡ.

ಒಂದು ಮಾತು. ಇಲ್ಲಿನ ಶಿಖರಗಳು ಮೂಲನಿವಾಸಿಗಳಾದ ಮಾವೊರಿ ಜನರಿಗೆ ಪವಿತ್ರ. 1887ರಲ್ಲಿ ಇಲ್ಲಿನ ಮಾವೊರಿ ಬುಡಕಟ್ಟಿನ ಮುಖ್ಯಸ್ಥ ಹೊರೊನುಕು ತೆ ಹೆಉಹೆಉ ಅವುಗಳನ್ನು ರಕ್ಷಣೆಗೆಂದು ಸರ್ಕಾರಕ್ಕೆ ಒಪ್ಪಿಸಿದರು. ತುದಿ ಹತ್ತಬೇಡಿ ಅಂತ ಕೇಳಿಕೊಳ್ಳುತ್ತಾರೆ. ಗರ್ಭಗುಡಿಯ ಹೊಸ್ತಿಲಲ್ಲೇ ನಿಂತು ಕೈ ಮುಗಿಯುತ್ತೇವಲ್ಲ, ಹಾಗೆ ದಾರಿಯಿಂದಲೇ ನೋಡಿ. ಸಿನಿಮಾ ತಂಡವೂ ನೆಲದ ಮೇಲಿನ ಬಹಳಷ್ಟು ದೃಶ್ಯಗಳನ್ನು ಪಕ್ಕದ ರುಅಪೆಹು ಬೆಟ್ಟದ ಇಳಿಜಾರಿನಲ್ಲೇ ತೆಗೆಯಿತು.

[ದೃಶ್ಯ: ಮೌಂಟ್ ಸಂಡೇ, ಬಯಲು, ನದಿ]

ದಕ್ಷಿಣ ದ್ವೀಪಕ್ಕೆ ಗಾಡಿ ಸಮೇತ ಫೆರ್ರಿ ಹತ್ತಿ, ಮೂರೂವರೆ ಗಂಟೆ. ನನಗೆ ಅತಿ ಇಷ್ಟದ ಜಾಗ ಮೌಂಟ್ ಸಂಡೇ. ಚಿತ್ರದಲ್ಲಿ ಇದೇ ಎಡೊರಾಸ್ ನಗರ. ಈಗ ಹೋದರೆ ಒಂದು ಕಂಬವೂ ಇಲ್ಲ, ಸೆಟ್ ಪೂರ್ತಿ ಬಿಚ್ಚಿಬಿಟ್ಟಿದ್ದಾರೆ. ಬರೀ ಗುಡ್ಡ, ಹುಲ್ಲು, ಹಿಮದ ಬೆಟ್ಟಗಳು. ಕೊನೆಯ ದಾರಿ ಜಲ್ಲಿ ರಸ್ತೆ, ಬಾಡಿಗೆ ವ್ಯಾನ್‌ನ ವಿಮೆ ಅಲ್ಲಿಗೆ ಅನ್ವಯಿಸುತ್ತಾ ಅಂತ ಕರಾರು ಓದಿಕೊಳ್ಳಿ.

ಗಾಡಿ ಆರಿಸುವಾಗ 'ಸೆಲ್ಫ್-ಕಂಟೈನ್ಡ್' ಪ್ರಮಾಣಪತ್ರ ಇರುವುದನ್ನೇ ಕೇಳಿ. ಒಳಗೆ ಟಾಯ್ಲೆಟ್, ಕೊಳಕು ನೀರಿನ ಟ್ಯಾಂಕ್ ಇರಬೇಕು. ಅವನ್ನು ಅದಕ್ಕೆಂದೇ ಇರುವ ಜಾಗದಲ್ಲೇ, ಅಂದರೆ ಡಂಪ್ ಸ್ಟೇಷನ್‌ನಲ್ಲೇ, ಖಾಲಿ ಮಾಡಬೇಕು. ಪ್ರಮಾಣಪತ್ರ ಇದ್ದರೂ ಎಲ್ಲೆಂದರಲ್ಲಿ ರಾತ್ರಿ ತಂಗುವ ಹಾಗಿಲ್ಲ, ಊರೂರಿಗೆ ನಿಯಮ ಬೇರೆ. ಡ್ರೈವಿಂಗ್ ನಮ್ಮ ಹಾಗೇ ಎಡಬದಿಗೆ.

[ದೃಶ್ಯ: ಮಣ್ಣು ಮೆತ್ತಿದ ಟ್ರೆಕ್ಕಿಂಗ್ ಶೂ, ಹಲ್ಲುಜ್ಜುವ ಬ್ರಷ್]

ಹೊರಡುವ ಮುಂಚೆ ಈ ಕೆಲಸ ಮಾಡಿ. ಶೂ ಅಡಿಭಾಗದ ಸಂದಿಯಲ್ಲಿರುವ ಸಹ್ಯಾದ್ರಿಯ ಕೆಂಪು ಮಣ್ಣನ್ನು ಹಳೇ ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ಹೊರಗಿನ ಮಣ್ಣು, ಬೀಜ, ರೋಗ ಒಳಗೆ ಬರದಂತೆ ನ್ಯೂಜಿಲೆಂಡ್‌ನವರು ಬಹಳ ಕಟ್ಟುನಿಟ್ಟು. ಚಟ್ನಿಪುಡಿ, ಮೆಂತ್ಯಹಿಟ್ಟು, ಉಪ್ಪಿನಕಾಯಿ ಏನೇ ಇದ್ದರೂ ದೇಶದೊಳಗೆ ಬರುವಾಗ ತುಂಬುವ ಘೋಷಣಾ ಫಾರಂನಲ್ಲಿ ಬರೆಯಿರಿ. ಬರೆದು ತೋರಿಸಿದರೆ ದಂಡ ಇಲ್ಲ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಅಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ.