ಫ್ಲಿಂಟ್ ಹಿಲ್ಸ್: ಹುಲ್ಲು, ಕಲ್ಲು, ಎದುರುಗಾಳಿ

ಅಮೆರಿಕದ ಕ್ಯಾನ್ಸಸ್ ರಾಜ್ಯ ಅಂದ್ರೆ ಬರೀ ಸಪಾಟು ನೆಲ ಅನ್ನುವವರು ಒಮ್ಮೆ ಅಲ್ಲಿನ ಫ್ಲಿಂಟ್ ಹಿಲ್ಸ್ ದಿಬ್ಬಗಳ ನಡುವಿನ ಈ 177ನೇ ಹೆದ್ದಾರಿಯಲ್ಲಿ ಸೈಕಲ್ ತುಳಿಯಬೇಕು. ಕೌನ್ಸಿಲ್ ಗ್ರೋವ್‌ನಿಂದ ದಕ್ಷಿಣಕ್ಕೆ ಕ್ಯಾಸಡೇವರೆಗೆ ಸುಮಾರು 75 ಕಿಲೋಮೀಟರ್. ಯಾವ ದಿಬ್ಬವೂ ದೊಡ್ಡದಲ್ಲ. ಆದರೆ ಒಂದನ್ನು ಇಳಿಯುವಷ್ಟರಲ್ಲಿ ಇನ್ನೊಂದು ಎದುರಿಗೆ ನಿಂತಿರುತ್ತದೆ. ಟೆಂಟು, ಬಟ್ಟೆ, ನೀರು ಎಲ್ಲ ಹೇರಿಕೊಂಡ ಸೈಕಲ್ಲು. ಇಳಿಜಾರಲ್ಲಿ ಸಿಕ್ಕ ವೇಗ ಮುಂದಿನ ಏರಿನ ಅರ್ಧಕ್ಕೂ ಸಾಲುವುದಿಲ್ಲ. ಮೇಲಿಂದ ದಕ್ಷಿಣದ ಗಾಳಿ ಬೇರೆ. ದಿಬ್ಬಗಳ ಮೇಲೆ ಒಂದು ಮರ ಇಲ್ಲ, ಮರೆ ಎಲ್ಲಿಂದ ಬರಬೇಕು? ಇಳಿಜಾರಲ್ಲೂ ಪೆಡಲ್ ತುಳಿದೆ ಅಂದ್ರೆ ನೀವೇ ಲೆಕ್ಕ ಹಾಕಿ. ಗಾಳಿ ಸದ್ದಿಗೆ ದಾರಿಯಲ್ಲಿ ಆಡಿದ ಮಾತು ಒಂದೂ ಮೈಕಿನಲ್ಲಿ ಉಳಿದಿಲ್ಲ. ಅದಕ್ಕೇ ಈಗ ಟೆಂಟಿನಲ್ಲಿ ಕೂತು ಈ ವಿಡಿಯೊಗೆ ದನಿ ಸೇರಿಸುತ್ತಿದ್ದೇನೆ.

ಈ ಶಾಟ್ ನೋಡಿ. ಇದು ಬಿಗ್ ಬ್ಲೂಸ್ಟೆಮ್ ಹುಲ್ಲು. ಸೆಪ್ಟೆಂಬರ್ ಕೊನೆ, ಹಾಗಾಗಿ ತಾಮ್ರದ ಬಣ್ಣಕ್ಕೆ ತಿರುಗಿದೆ. ತೆನೆ ಕೋಳಿ ಕಾಲಿನ ಹಾಗೆ ಮೂರು ಕವಲು. ಬೇಲಿ ಪಕ್ಕ ನಿಂತರೆ ನನ್ನ ಭುಜದವರೆಗೂ ಬರುತ್ತದೆ. ಒಂದು ಕಾಲಕ್ಕೆ ಉತ್ತರ ಅಮೆರಿಕದ ನಡುವೆಲ್ಲ ಹಬ್ಬಿದ್ದ ಇಂಥ ಎತ್ತರದ ಹುಲ್ಲುಗಾವಲು ಈಗ ನೂರಕ್ಕೆ 4 ಪಾಲೂ ಉಳಿದಿಲ್ಲ. ಉಳಿದದ್ದರಲ್ಲಿ ಜಾಸ್ತಿ ಇರುವುದು ಇಲ್ಲೇ.

ಯಾಕೆ ಉಳಿಯಿತು ಅಂತ ತಿಳಿಯಬೇಕಾದರೆ ಡಾಂಬರು ಬಿಟ್ಟು ಪಕ್ಕದ ಜಲ್ಲಿ ರಸ್ತೆಗೆ ಇಳಿಯಬೇಕು. ನಾನು ಸ್ವಲ್ಪ ದೂರ ಸುಮ್ನೆ ಹೋಗಿ ಬಂದೆ. ಕೈಯಲ್ಲಿ ಹಿಡಿದಿದ್ದೇನಲ್ಲ, ಅದು ಚಕಮಕಿ ಕಲ್ಲು, ಫ್ಲಿಂಟ್ ಅಂದ್ರೆ ಇದೇ. ಹೊರಗೆ ಸುಣ್ಣದ ಪುಡಿ ಮೆತ್ತಿದ ಬಿಳಿ, ಒಡೆದ ಕಡೆ ಬೂದು ನೀಲಿ. ಅಂಚು ಹೆಬ್ಬೆರಳಿಗೆ ತಾಗಿಸಿದರೆ ಸಾಕು, ಗೀರು ಬೀಳುತ್ತದೆ. ಮೇಲೆ ತೆಳ್ಳಗೆ ಮಣ್ಣು, ಕೆಳಗೆಲ್ಲ ಸುಣ್ಣಕಲ್ಲು ಮತ್ತು ಇದು. ನೇಗಿಲು ಓಡಲಿಲ್ಲ, ದನ ಮೇಯಿಸುವವರ ಪಾಲಾಯಿತು. ಅವರು ಇವತ್ತಿಗೂ ವಸಂತದಲ್ಲಿ ಹುಲ್ಲಿಗೆ ಬೆಂಕಿ ಕೊಡುತ್ತಾರೆ. ಸುಟ್ಟ ಮೇಲೆ ಹೊಸ ಚಿಗುರು ಬರುತ್ತದೆ, ಮರಗಿಡ ತಲೆ ಎತ್ತುವುದಿಲ್ಲ. ಎಂಪೋರಿಯಾದಿಂದ ಹೊರಡುವ ಅನ್‌ಬೌಂಡ್ ಗ್ರ್ಯಾವೆಲ್ ಅನ್ನುವ ಜಲ್ಲಿ ರಸ್ತೆಯ ಸೈಕಲ್ ರೇಸಿನವರು ಇಂಥ ಕಲ್ಲಿನ ಮೇಲೇ 200 ಮೈಲಿ ಓಡಿಸುತ್ತಾರೆ. ಟೈರಿನ ಪಕ್ಕ ಸೀಳಿದರೆ ಪ್ಯಾಚ್ ನಿಲ್ಲುವುದಿಲ್ಲ. ನಾನಂತೂ ವಾಪಸ್ ಡಾಂಬರಿಗೆ ಬಂದೆ.

ಸ್ಟ್ರಾಂಗ್ ಸಿಟಿಗೆ ಸ್ವಲ್ಪ ಮೊದಲು ಹುಲ್ಲುಗಾವಲಿನ ರಾಷ್ಟ್ರೀಯ ಸಂರಕ್ಷಿತ ಪ್ರದೇಶ ಸಿಗುತ್ತದೆ. 1996ರಲ್ಲಿ ಆದದ್ದು, 2009ರಲ್ಲಿ ಬೈಸನ್, ಅಂದ್ರೆ ಅಮೆರಿಕದ ಕಾಡುಕೋಣ, ತಂದು ಬಿಟ್ಟರು. ಈ ಕಪ್ಪು ಚುಕ್ಕೆಗಳೇ ಅವು, ನನ್ನ ಜೂಮಿಗೆ ಅಷ್ಟೇ ಸಿಕ್ಕಿದ್ದು.

ಊಟ ಕಾಟನ್‌ವುಡ್ ಫಾಲ್ಸ್‌ನಲ್ಲಿ, 1873ರ ಕೋರ್ಟ್ ಕಟ್ಟಡ ನೋಡುತ್ತಾ. ಚಪಾತಿ, ಶೇಂಗಾ ಚಟ್ನಿಪುಡಿ. ನೀರು ಇಲ್ಲೇ ಪೂರ್ತಿ ತುಂಬಿಸಿಕೊಳ್ಳಿ. ಮುಂದೆ ಅಂಗಡಿ ಸಿಗುತ್ತದೆ ಅಂತ ನಂಬಿಕೊಂಡು ಹೋಗುವ ದಾರಿ ಅಲ್ಲ ಇದು. ಆಗೊಮ್ಮೆ ಈಗೊಮ್ಮೆ ಒಂದು ಪಿಕಪ್ ಟ್ರಕ್ ಬರುತ್ತದೆ. ಓಡಿಸುವವರು ಸ್ಟೀರಿಂಗ್ ಮೇಲಿಂದ ಒಂದೇ ಬೆರಳೆತ್ತಿ ನಮಸ್ಕಾರ ಹೇಳಿ ಹೋಗುತ್ತಾರೆ. ನಾನೂ ಬೆರಳೆತ್ತಿದೆ. ಈ ಗಾಳಿಯಲ್ಲಿ ಹ್ಯಾಂಡಲ್‌ನಿಂದ ಪೂರ್ತಿ ಕೈ ಯಾರು ತೆಗೀತಾರೆ, ಅಲ್ವಾ?

ಕ್ಯಾಸಡೇ ಮುಟ್ಟಿದಾಗ ಸಂಜೆ. ಓರೆಗನ್‌ನಿಂದ ವರ್ಜೀನಿಯಾದವರೆಗೆ ಹೋಗುವ 1976ರ ಟ್ರಾನ್ಸ್‌ಅಮೆರಿಕ ಸೈಕಲ್ ಮಾರ್ಗ ಈ ಊರಿನ ಮೇಲೇ ಹಾಯುತ್ತದೆ. ನಾಳೆ ಅದನ್ನು ಹಿಡಿದು ಪಶ್ಚಿಮಕ್ಕೆ, ನ್ಯೂಟನ್ ಕಡೆ. ಗಾಳಿ ಪಕ್ಕದಿಂದ ಬಡಿಯುತ್ತದೆ. ಮುಖಕ್ಕಲ್ಲವಲ್ಲ, ಸಾಕು.